ಮೇಲಿನ ಹಲಗೆಯ ಎರಡು ಗ್ರಂಥಗಳು

ಶನಿವಾರ ಬೆಳಗ್ಗೆ ಹತ್ತೂವರೆಗೆ ಪುತ್ತೂರಿನ ಸಬ್ ಇನ್‌ಸ್ಪೆಕ್ಟರ್ ಬೆಳ್ಯಪ್ಪನಿಗೆ, ತಾನು ಲಾಕಪ್ಪಿನಲ್ಲಿ ಕೂರಿಸಿದ ಮನುಷ್ಯ ಕಳ್ಳನಲ್ಲ ಎಂಬುದು ಗೊತ್ತಾಯಿತು.

ಗೊತ್ತಾದದ್ದು ಪ್ರವಾಸಿ ಬಂಗಲೆಯ ಕೋಣೆಯಲ್ಲಿ. ಹಾಲೆಂಡಿನಿಂದ ಬಂದಿದ್ದ ಪಂಡಿತ ಡಾಕ್ಟರ್ ಫೋಸ್ ಅಂದು ಬೆಳಗ್ಗೆಯೇ ಕೋಣೆ ಖಾಲಿ ಮಾಡಿ, ತಮ್ಮ ದುಭಾಷಿಯ ಜೊತೆ ಮಂಗಳೂರಿನ ಬಸ್ಸು ಹತ್ತಿದ್ದರು. ಬಂಗಲೆ ನೋಡಿಕೊಳ್ಳುವ ಚನಿಯಪ್ಪ ಸೊಳ್ಳೆಪರದೆ ಮಡಿಸಿ ಬಾಗಿಲ ಮೇಲಿನ ಹಲಗೆಯಲ್ಲಿ ಇಡಲು ಹೋದಾಗ ಕೈಗೆ ಒಂದು ಗಂಟು ತಗಲಿತು. ಅದನ್ನು ಹಾಗೇ ಬಿಟ್ಟು ಠಾಣೆಗೆ ಓಡಿದ.

ಗುರುವಾರ ಸಂಜೆ ಇದೇ ಕೋಣೆಯಿಂದ ಮೂರು ಗ್ರಂಥಗಳು ಕಾಣೆಯಾಗಿದ್ದವು. ಒಂದು, ಕೆದಂಬಾಡಿಯ ಬೀಫಾತುಮ್ಮ ಓದಲಿಕ್ಕೆಂದು ಕೊಟ್ಟಿದ್ದ ಕೈಬರಹದ ಕುರ್‌ಆನ್. ಇನ್ನೆರಡು ಫೋಸರದೇ: ಯಹೂದಿಗಳ ಗ್ರಂಥ, ಹೀಬ್ರೂ ಭಾಷೆಯ ತೌರಾತ್; ಕ್ರೈಸ್ತರ ಗ್ರಂಥ, ಗ್ರೀಕ್ ಭಾಷೆಯ ಇಂಜೀಲ್. ಆ ಎರಡು ಈಗ ಬೆಳ್ಯಪ್ಪನ ಎದುರು ಮಂಚದ ಮೇಲಿದ್ದವು.

"ಸ್ವಾಮೀ, ನಾನು ಮುಟ್ಟಿದ್ದು ಗಂಟು ಮಾತ್ರ. ಬಿಚ್ಚಿದ್ದು ನೀವೇ," ಎಂದು ಚನಿಯಪ್ಪ ಮತ್ತೊಮ್ಮೆ ಹೇಳಿದ.

"ಆಯ್ತು ಮಾರಾಯ. ನಿನ್ನನ್ನು ಯಾರೂ ಹಿಡಿಯುದಿಲ್ಲ."

"ಹಿಡಿಯುದಿಲ್ಲ ಅಂತ ಹೇಳಿಯೇ ಅಲ್ವಾ ಪೋಕರನ್ನು ಕರ್ಕೊಂಡು ಹೋದದ್ದು?"

ಬೆಳ್ಯಪ್ಪ ಪುಸ್ತಕಗಳ ಕಡೆ ತಿರುಗಿದ.

ಅವನ ಲೆಕ್ಕಾಚಾರ ಇಂದು ಬೆಳಗಿನವರೆಗೆ ಸರಿಯಾಗಿಯೇ ಕಂಡಿತ್ತು. ಬುಧವಾರ ಸಂಜೆ ಫೋಸ್ ಪುತ್ತೂರಿನಲ್ಲಿ ಒಂದು ಭಾಷಣ ಮಾಡಿದ್ದರು. ಕುರ್‌ಆನಿನ ಕಥೆಗಳಲ್ಲಿ ಹಲವು ಯಹೂದಿ, ಕ್ರೈಸ್ತ ಗ್ರಂಥಗಳಲ್ಲಿ ಮೊದಲೇ ಇವೆ. ಯುರೋಪಿನ ವಿದ್ವಾಂಸರು ನೂರಕ್ಕೂ ಹೆಚ್ಚು ವರ್ಷಗಳಿಂದ ಅವುಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುತ್ತಿದ್ದಾರೆ ಎಂದು ಹೇಳಿದ್ದರು. ಮೊದಲಿನವರು ಎಲ್ಲವನ್ನೂ ಎರವಲು ಎಂದು ಬರೆದುಬಿಟ್ಟರು, ಅದು ಅವಸರದ ತೀರ್ಪು ಎಂದೂ ಹೇಳಿದ್ದರು. ಕುರ್‌ಆನ್ ಆ ಕಥೆಗಳನ್ನು ಕೇಳುಗರಿಗೆ ಗೊತ್ತೇ ಇದೆ ಎಂಬಂತೆ ನೆನಪಿಸುತ್ತದೆ. ಹಾಗಾದರೆ ಆ ಕೇಳುಗರು ಯಾರು, ಅವರು ಏನೇನು ಕೇಳಿ ಬೆಳೆದಿದ್ದರು ಎಂಬುದೇ ತನ್ನ ಪ್ರಶ್ನೆ ಎಂದಿದ್ದರು. ಮರುದಿನ ಪೇಟೆಯಲ್ಲಿ ಉಳಿದದ್ದು ಎರವಲು ಎಂಬ ಮಾತು ಮಾತ್ರ. ಸಂಜೆಗೆ ಗ್ರಂಥಗಳು ಮಾಯ.

ಬಂಗಲೆಯ ಜಗಲಿಯಲ್ಲಿ ನೀರು ತುಂಬಿಸಿಡುವ ಹಿತ್ತಾಳೆಯ ಕಿಂಡಿ ಚೆಂಬು ಖಾಲಿಯಾಗಿತ್ತು, ನೆಲ ಒದ್ದೆಯಾಗಿತ್ತು. ಒಳಗೆ ಬಂದವರು ಮೊದಲು ಕೈಕಾಲು, ಮುಖ ತೊಳೆದಿದ್ದರು. ಕುರ್‌ಆನ್ ಮುಟ್ಟುವ ಮುಂಚೆ ಮುಸ್ಲಿಮರು ಮಾಡುವ ಶುದ್ಧಿ ಅದು. ಮಸೀದಿಯಲ್ಲಿ ಬಾಂಗು ಕೊಟ್ಟು ನಮಾಜಿಗೆ ಕರೆಯುವ ಮುಕ್ರಿ ಪೋಕರ್ ಭಾಷಣದ ನಡುವೆ ಎದ್ದು ಕೂಗಿದ್ದ. ಗುರುವಾರ ಸಂಜೆಯ ಬಾಂಗು ಕೊಟ್ಟದ್ದೂ ಅವನಲ್ಲ. ಎಲ್ಲಿದ್ದೆ ಎಂದರೆ ಬಾಯಿ ಬಿಡಲಿಲ್ಲ.

ಸಿಟ್ಟಾದವನು ಮೂರೂ ಗ್ರಂಥ ಒಯ್ದು ಎರಡನ್ನು ಸುಟ್ಟಿರುತ್ತಾನೆ, ಒಂದನ್ನು ಅಡಗಿಸಿರುತ್ತಾನೆ. ಬೆಳ್ಯಪ್ಪ ಹಾಗೆಂದು ನಂಬಿದ್ದ.

ಸುಡಬೇಕೆಂದಿದ್ದವನು ಅವುಗಳನ್ನು ಬಿಳಿಯ ವಸ್ತ್ರದಲ್ಲಿ ಸುತ್ತಿ ಕೋಣೆಯ ಅತ್ಯಂತ ಎತ್ತರದ ಜಾಗದಲ್ಲಿ ಇಡುತ್ತಾನೆಯೆ?

"ಚನಿಯಪ್ಪ, ಈ ಎರಡು ಪುಸ್ತಕ ಮೊದಲು ಎಲ್ಲಿದ್ದವು?"

"ನೆಲದ ಮೇಲೆ ಸ್ವಾಮೀ. ದೊರೆಗಳ ಕುರ್ಚಿಯ ಬುಡದಲ್ಲಿ, ಬೂಟಿನ ಹತ್ತಿರ. ಅವರ ಪುಸ್ತಕ ಎಲ್ಲ ನೆಲದಲ್ಲೇ. ಗುಡಿಸ್ಲಿಕ್ಕೂ ಬಿಡುದಿಲ್ಲ."

"ಬೇರೆ ಪುಸ್ತಕಗಳು?"

"ಇದ್ದಲ್ಲೇ ಇದ್ದವು."

ನೆಲದ ತುಂಬ ಪುಸ್ತಕ, ಎಲ್ಲಕ್ಕೂ ಕಪ್ಪು ರಟ್ಟು. ಹೀಬ್ರೂ, ಗ್ರೀಕ್ ಅಕ್ಷರ ಪುತ್ತೂರಿನಲ್ಲಿ ಯಾರಿಗೆ ಗೊತ್ತು? ಆ ರಾಶಿಯಿಂದ ದೇವರ ಗ್ರಂಥವೆಂದು ಈ ಎರಡನ್ನೇ ಆರಿಸಬೇಕಾದರೆ ಅವುಗಳನ್ನು ಮುಂಚೆ ಕಣ್ಣಾರೆ ನೋಡಿರಬೇಕು. ಫೋಸ್ ಅವನ್ನು ತೆರೆದು ತೋರಿಸಿದ್ದು ಕಳೆದ ಭಾನುವಾರ ಕೆದಂಬಾಡಿಯ ಮನೆಯಲ್ಲಿ ಮಾತ್ರ. ದೂರಿನಲ್ಲಿ ಅವರೇ ಹೇಳಿದ್ದರು. ಅಲ್ಲಿದ್ದವರು ಬೀಫಾತುಮ್ಮ, ಅವಳ ಮಗ ಹಂಝ, ಫೋಸರ ದುಭಾಷಿ ಅಚ್ಚುತ ಮಾಸ್ತರ್. ಪೋಕರ್ ಅಲ್ಲಿರಲಿಲ್ಲ.

ದೂರು ಬರೆದುಕೊಂಡವನು ಬೆಳ್ಯಪ್ಪನೇ. ಗುರುವಾರವೇ ಗೊತ್ತಿದ್ದ ಸಂಗತಿ ಇದು. ಖಾಲಿ ಕಿಂಡಿ ಕಂಡ ಮೇಲೆ ಅದನ್ನು ಮರೆತಿದ್ದ.

ಅವನು ಸುತ್ತಿದ ವಸ್ತ್ರವನ್ನು ಬೆಳಕಿಗೆ ಹಿಡಿದ. ಬ್ಯಾರಿ ಮುಸ್ಲಿಂ ಹೆಂಗಸರು ತಲೆಗೆ ಹಾಕಿಕೊಳ್ಳುವ ಬಟ್ಟೆ. ಅಂಚನ್ನು ಕೈಯಲ್ಲೇ ಹೊಲಿದಿತ್ತು.

ಮೊದಲು ಠಾಣೆಗೆ ಹೋಗಿ ಲಾಕಪ್ಪಿನ ಬೀಗ ತೆಗೆಸಬೇಕಿತ್ತು. ಮಧ್ಯಾಹ್ನ ಪೋಕರನ್ನು ಮ್ಯಾಜಿಸ್ಟ್ರೇಟರ ಎದುರು ನಿಲ್ಲಿಸುವುದಿತ್ತು. ಅಲ್ಲಿಗೆ ಹೋದ ಮೇಲೆ ಅವನ ಹೆಸರಿನ ಜೊತೆ ಕಳ್ಳ ಎಂಬ ಮಾತು ಸೇರಿಬಿಡುತ್ತದೆ. ಆದರೆ ಬೀಗ ತೆಗೆದರೆ ಪೋಕರನ ಮುಖ ನೋಡಬೇಕು. ನಿನ್ನೆ ಜುಮ್ಮಾ ನಮಾಜು ಬಿಟ್ಟ ಹೊತ್ತಿಗೆ, ಮಸೀದಿಯ ಮೆಟ್ಟಿಲಲ್ಲಿ, ಊರೆಲ್ಲ ನೋಡುತ್ತಿರುವಾಗ ಬೆಳ್ಯಪ್ಪ ಆ ಮುಖಕ್ಕೆ ಹೊಡೆದಿದ್ದ. ಟೊಪ್ಪಿ ಹಾರಿ ಮಣ್ಣಿಗೆ ಬಿದ್ದಿತ್ತು.

ಅವನು ಜೀಪನ್ನು ಕೆದಂಬಾಡಿಗೆ ತಿರುಗಿಸಿದ.

*

ಬೀಫಾತುಮ್ಮನ ಮನೆ ರಸ್ತೆಯ ಪಕ್ಕದಲ್ಲೇ. ಎದುರಿನ ಕೋಣೆ ಮಗನ ಅಂಗಡಿ. ಮಗ ಊರಲ್ಲಿಲ್ಲದ್ದರಿಂದ ಹಲಗೆ ಹಾಕಿತ್ತು. ಬೆಳ್ಯಪ್ಪ ಒಬ್ಬನೇ ಒಳಗೆ ಹೋದ. ಮುದುಕಿ ಜಗಲಿಯಲ್ಲಿ ಚಾಪೆ ಹಾಕಿಕೊಂಡು ಕೂತಿದ್ದಳು. ಅರವತ್ತು ದಾಟಿದ, ಸಪೂರ ಹೆಂಗಸು. ಪೊಲೀಸನನ್ನು ಕಂಡು ಏಳಲಿಲ್ಲ. ತಲೆಯ ಬಟ್ಟೆ ಮಾತ್ರ ಸರಿಮಾಡಿಕೊಂಡಳು. ಅದರ ಅಂಚಿಗೂ ಅದೇ ಹೊಲಿಗೆ ಇತ್ತು.

ಬೆಳ್ಯಪ್ಪ ಕೈಯಲ್ಲಿದ್ದ ವಸ್ತ್ರವನ್ನು ಚಾಪೆಯ ಮೇಲೆ ಇಟ್ಟ.

"ಇದು ನಿಮ್ಮದಾ ಉಮ್ಮ?"

ಅವಳು ಅದನ್ನು ನೋಡಿದಳು. "ಪೋಕರನ್ನು ಬಿಟ್ರಾ?"

"ಇಲ್ಲ."

"ಅವ ಅಲ್ಲ ಅಂತ ಗೊತ್ತಾದ ಮೇಲೆಯೇ ಇಲ್ಲಿಗೆ ಬಂದದ್ದಲ್ವಾ ನೀವು?"

"ಹೌದು."

"ಮತ್ತೆ ಯಾಕೆ ಬಿಡಲಿಲ್ಲ?"

ಹನ್ನೆರಡು ವರ್ಷದ ನೌಕರಿಯಲ್ಲಿ ಬೆಳ್ಯಪ್ಪನಿಗೆ ಇಂಥ ಪ್ರಶ್ನೆ ಯಾರೂ ಕೇಳಿರಲಿಲ್ಲ. ಅವನು ಕಂಬಕ್ಕೆ ಒರಗಿ ನಿಂತ.

"ಅವನ ಮುಖ ನೋಡ್ಲಿಕ್ಕೆ ಆಗ್ಲಿಲ್ಲ," ಎಂದ.

ಮುದುಕಿ ನಗಲಿಲ್ಲ, ಬೈಯಲೂ ಇಲ್ಲ. "ಕೂತ್ಕೊಳ್ಳಿ. ನನಗೂ ಹಾಗೇ," ಎಂದಳು. "ಬಂಗಲೆಗೆ ಹೋದದ್ದು ನಾನು. ಪೋಕರ್ ಗೇಟಿನ ಹತ್ತಿರ ನಿಂತಿದ್ದ. ಕತ್ತಲೆಗೆ ಒಬ್ಬಳೇ ಹೋಗ್ಬೇಡಿ ಅಂತ ಜೊತೆಗೆ ಬಂದದ್ದು. ಯಾರಿಗೂ ಹೇಳ್ಬೇಡ ಅಂತ ಅವನಿಂದ ಆಣೆ ಹಾಕಿಸ್ಕೊಂಡೆ."

"ನಿಮ್ಮದೇ ಕಿತಾಬು. ದೊರೆಯ ಹತ್ರ ಕೇಳಿದ್ರೆ ಕೊಡ್ತಿರ್ಲಿಲ್ವಾ?"

"ಕೇಳ್ಲಿಕ್ಕೆಂದೇ ಹೋದದ್ದು. ದೊರೆ ತಿರುಗಾಡ್ಲಿಕ್ಕೆ ಹೋಗಿದ್ದರು. ಪೇಟೆಯಲ್ಲಿ ಯಾರೋ ಹುಡುಗರು ಬಂಗಲೆಗೆ ಕಲ್ಲು ಹೊಡಿತೇವೆ, ಬೆಂಕಿ ಕೊಡ್ತೇವೆ ಅಂತ ಹಾರಾಡ್ತಾ ಇದ್ರು. ಬೆಂಕಿಗೆ ಯಾವುದು ನಮ್ಮದು ಯಾವುದು ದೊರೆಯದ್ದು ಅಂತ ಗೊತ್ತಾಗ್ತದಾ?"

"ದೊರೆ ಹೇಳಿದ್ದರಿಂದ ನಿಮಗೆ ಸಿಟ್ಟು ಬರಲಿಲ್ವಾ?"

"ಎಂತ ಹೇಳಿದ್ದು ಅವರು? ಯೂಸುಫ್ ನಬಿಯ ಕಥೆ ಅವರ ಕಿತಾಬಲ್ಲಿ ಮೊದಲೇ ಉಂಟು ಅಂತ. ಇರಲಿ. ಹೇಳಿದವ ಒಬ್ಬನೇ ಆದ್ರೆ ಎರಡು ಸಲ ಹೇಳಬಾರದಾ?" ಅವಳು ವಸ್ತ್ರವನ್ನು ತೊಡೆಯ ಮೇಲೆ ಎಳೆದುಕೊಂಡು ಮಡಿಸಿದಳು. "ತೌರಾತೂ ಇಂಜೀಲೂ ಬೂಟಿನ ಹತ್ರ ಬಿದ್ದಿತ್ತು. ನಮ್ಮದನ್ನು ಮಾತ್ರ ಎತ್ಕೊಂಡು ಬರ್ಲಿಕ್ಕೆ ಮನಸ್ಸಾಗ್ಲಿಲ್ಲ. ಸ್ಟೂಲು ಹತ್ತಿ ಮೇಲೆ ಇಟ್ಟೆ. ಅವು ಸಹ ಆ ಮೇಲಿರುವವನಿಂದಲೇ ಬಂದದ್ದು."

"ಶುಕ್ರವಾರ ಪೋಕರನ್ನು ಹಿಡಿದದ್ದು ನಿಮಗೆ ಗೊತ್ತಾಯ್ತಾ?"

"ಆಯ್ತು."

"ಆಗಲೇ ಬಂದು ಹೇಳಬಹುದಿತ್ತಲ್ಲ ಉಮ್ಮ."

ಅವಳು ಎದ್ದು ಒಳಗೆ ಹೋದಳು. ನೀರು ಸುರಿಯುವ ಸದ್ದು ಕೇಳಿತು. ಕೈಕಾಲು ತೊಳೆದು ಬಂದವಳು ಮರದ ಪೀಠವೊಂದನ್ನು ಬಿಡಿಸಿಟ್ಟು, ಅದರ ಮೇಲೆ ಒಳಗಿಂದ ತಂದ ಇನ್ನೊಂದು ಗಂಟನ್ನು ಇರಿಸಿ ಬಿಚ್ಚಿದಳು. ಸವೆದ ಕಂದು ಚರ್ಮದ ರಟ್ಟು. ತೆರೆದಳು.

ಒಳಗಿದ್ದದ್ದು ಅಚ್ಚಿನ ಪುಸ್ತಕ. ಬೊಂಬಾಯಿಯ ಕಲ್ಲಚ್ಚು. ಅಂಚು ಬರಿದು.

"ರಟ್ಟು ನಮ್ಮದು. ಒಳಗಿನದ್ದು ನಮ್ಮದಲ್ಲ," ಎಂದಳು ಬೀಫಾತುಮ್ಮ. "ನಮ್ಮದು ಕೈಬರಹ. ಅಂಚಿಗೆಲ್ಲ ಕೆಂಪು ಶಾಯಿಯಲ್ಲಿ ಕಥೆ ಬರ್ದದ್ದುಂಟು. ನನ್ನ ಉಪ್ಪನ ಅಜ್ಜ ಬರ್ದದ್ದು. ಮನೆಗೆ ತಂದು ಬಿಚ್ಚಿದಾಗ ಗೊತ್ತಾಯ್ತು."

ಬೆಳ್ಯಪ್ಪ ಬಗ್ಗಿ ನೋಡಿದ, ಮುಟ್ಟಲಿಲ್ಲ. ಹಳೆಯ ರಟ್ಟಿನ ಬೆನ್ನಿನಲ್ಲಿ ಹೊಲಿಗೆಯ ನೂಲು ಹೊಸದಾಗಿತ್ತು, ಬೆಳ್ಳಗಿತ್ತು. ಯಾರೋ ಹಾಳೆಗಳನ್ನು ಬಿಚ್ಚಿ ತೆಗೆದು ಬೇರೆ ಪುಸ್ತಕ ಹೊಲಿದಿದ್ದರು. ಬಟ್ಟೆಯ ಮೇಲಿಂದ ಮುಟ್ಟಿದವರಿಗೆ ತಿಳಿಯುವಂತಿರಲಿಲ್ಲ.

"ಇದನ್ನು ಯಾಕೆ ಮುಚ್ಚಿಟ್ರಿ?"

ಮುದುಕಿ ರಟ್ಟನ್ನು ಮುಚ್ಚಿ ಅದರ ಮೇಲೆ ಕೈ ಇಟ್ಟಳು.

"ಹಂಝ ಹೋದ ತಿಂಗಳು ಮದ್ರಸಕ್ಕೆ ಅಂತ ಮಂಗಳೂರಿಂದ ಇಂಥದ್ದೇ ಅಚ್ಚಿನ ಕುರ್‌ಆನ್ ತಂದಿದ್ದ. ಭಾನುವಾರ ನಮ್ಮ ಕಿತಾಬನ್ನು ದೊರೆಯ ಬಂಗಲೆಗೆ ಮುಟ್ಟಿಸಿದ್ದೂ ಅವನೇ. ಸೋಮವಾರ ಮಂಗಳೂರಿಗೆ ಹೋದವ ಇನ್ನೂ ಬರ್ಲಿಲ್ಲ."

ಅವಳು ಬೆಳ್ಯಪ್ಪನನ್ನು ನೋಡಲಿಲ್ಲ.

"ನಾನು ಬಾಯಿ ಬಿಟ್ರೆ ಮಗ ಹೋಗ್ತಾನೆ. ಬಿಡದಿದ್ರೆ ಪೋಕರ್. ಪೋಕರ್ ಪೆಟ್ಟು ತಿಂದ ಅಂತ ಕೇಳಿಯೂ ನಾನು ಇಲ್ಲೇ ಕೂತೆ. ಊಟ ಸಹ ಮಾಡಿದೆ. ಈಗ ಹೇಳಿ, ತಪ್ಪಿನಲ್ಲಿ ನೀವು ದೊಡ್ಡವರಾ ನಾನಾ?"

ಬೆಳ್ಯಪ್ಪ ಬುಧವಾರದ ಭಾಷಣವನ್ನು ನೆನಪಿಸಿಕೊಳ್ಳುತ್ತಿದ್ದ. ಬಂದೋಬಸ್ತಿಗೆಂದು ಬಾಗಿಲ ಬಳಿ ನಿಂತು ಅವನು ಅದನ್ನು ಪೂರ್ತಿ ಕೇಳಿದ್ದ.

"ಉಮ್ಮ, ಗುಹೆಯಲ್ಲಿ ಮಲಗಿದವರ ಕಥೆ ಒಂದುಂಟಲ್ಲ. ಅವರ ಹೆಸರು ಎಲ್ಲ ಕುರ್‌ಆನಲ್ಲೂ ಇರ್ತದಾ?"

"ಕಥೆ ಉಂಟು. ಹೆಸರು ಇಲ್ಲ. ಹೆಸರು ಇರುದು ನಮ್ಮದರ ಅಂಚಿನಲ್ಲಿ. ಯಮ್ಲೀಖಾ, ಮಕ್ಸಲ್ಮೀನಾ... ಮಕ್ಕಳನ್ನು ಮಲಗಿಸುವಾಗ ನನ್ನ ಉಮ್ಮ ಹೇಳ್ತಿದ್ರು. ಯಾಕೆ?"

"ಬುಧವಾರ ದೊರೆ ಅದನ್ನು ಓದಿದರು."

ಅವನಿಗೆ ಈಗ ಎಲ್ಲ ಸ್ಪಷ್ಟವಾಗಿ ಕಂಡಿತು. ಫೋಸ್ ಗ್ಯಾಸ್‌ಲೈಟಿನ ಹತ್ತಿರಕ್ಕೆ ಗ್ರಂಥ ಎತ್ತಿ ಹಿಡಿದಿದ್ದರು. ಕುರ್‌ಆನಿಗಿಂತ ಸುಮಾರು ನೂರು ವರ್ಷ ಹಿಂದೆಯೇ ಸಿರಿಯಾದ ಕ್ರೈಸ್ತರು ಗುಹೆಯಲ್ಲಿ ನಿದ್ದೆಹೋದ ಯುವಕರ ಕಥೆಯನ್ನು ಪದ್ಯದಲ್ಲಿ ಹೇಳುತ್ತಿದ್ದರು, ಆ ಹೆಸರುಗಳ ನೆರಳು ಕೆದಂಬಾಡಿಯ ಈ ಗ್ರಂಥದ ಅಂಚಿನವರೆಗೂ ಬಂದಿದೆ ಎಂದು ಒಂದೊಂದೇ ಹೆಸರು ಓದತೊಡಗಿದ್ದರು. ಹಿಂದಿನ ಬೆಂಚಿನಿಂದ ಪೋಕರ್ ಎದ್ದು ನಿಂತು ಉಳಿದ ಹೆಸರುಗಳನ್ನೆಲ್ಲ ಗಟ್ಟಿಯಾಗಿ, ದೊರೆಗಿಂತ ಮುಂಚೆ ಹೇಳಿ ಮುಗಿಸಿದ್ದ. ಕೊನೆಗೆ ನಾಯಿಯ ಹೆಸರು, ಕಿತ್ಮೀರ್. ಸಭೆ ನಕ್ಕಿತ್ತು. ಫೋಸ್ ಚಪ್ಪಾಳೆ ತಟ್ಟಿದ್ದರು.

ಪೋಕರ್ ಕೂಗಿದ್ದು ಸಂತೋಷಕ್ಕೆ. ಬೆಳ್ಯಪ್ಪ ತನ್ನ ವರದಿಯಲ್ಲಿ ಅದನ್ನು ಗಲಾಟೆ ಎಂದು ಬರೆದಿದ್ದ.

"ನಿಮ್ಮ ಮಗ ಅಲ್ಲ ಉಮ್ಮ," ಎಂದ. "ಅವ ಕೊಟ್ಟದ್ದು ಅಸಲಿಯನ್ನೇ. ಬುಧವಾರ ಸಂಜೆ ದೊರೆಯ ಕೈಯಲ್ಲಿ ಇದ್ದದ್ದು ನಿಮ್ಮ ಕಿತಾಬೇ. ಹಂಝ ಆಗ ಊರಲ್ಲಿರ್ಲಿಲ್ಲ. ಬದಲಾದದ್ದು ಆಮೇಲೆ, ಬಂಗಲೆಯಲ್ಲೇ."

ಬೀಫಾತುಮ್ಮ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಸಮಾಧಾನಕ್ಕೆ ಅಳುತ್ತಿದ್ದಾಳೆ ಎಂದು ಬೆಳ್ಯಪ್ಪ ಎಣಿಸಿದ.

"ಹೆತ್ತ ಮಗನನ್ನು ಕಳ್ಳ ಅಂತ ಎಣಿಸಿದೆನಲ್ಲಾ," ಎಂದಳು ಬೆರಳುಗಳ ಒಳಗಿಂದ. "ಅವನಿಗೆ ಗೊತ್ತಾದ್ರೆ?"

"ನಾನು ಹೇಳುದಿಲ್ಲ."

"ನೀವು ಹೇಳಬೇಡಿ. ನಾನೇ ಹೇಳ್ತೇನೆ." ಅವಳು ಮುಖ ಒರೆಸಿಕೊಂಡಳು. "ಆದ್ರೆ ಪೋಕರನದ್ದು ನೀವು ಹೇಳ್ಬೇಕು. ಠಾಣೆಯ ಒಳಗಲ್ಲ. ಹೊಡೆದ ಜಾಗದಲ್ಲೇ, ಜನ ಇರುವಾಗ."

"ಹೇಳ್ತೇನೆ."

"ಅವನ ಟೊಪ್ಪಿ ಯಾರು ಹೆಕ್ಕಿದ್ದು?"

ಬೆಳ್ಯಪ್ಪನಿಗೆ ಗೊತ್ತಿರಲಿಲ್ಲ.

*

ಜೀಪಿನಲ್ಲಿ ಅವನು ಬಂಗಲೆಯಲ್ಲಿದ್ದವರನ್ನು ನೆನೆದ. ಡಾಕ್ಟರ್ ಫೋಸ್. ಅಚ್ಚುತ ಮಾಸ್ತರ್. ಚನಿಯಪ್ಪ ರಾತ್ರಿ ಮನೆಗೆ ಹೋಗುತ್ತಿದ್ದ. ಗುರುವಾರ ಸಂಜೆ ತಿರುಗಾಡಲು ಹೋಗುವವರೆಗೂ ತಾನು ಬರೆಯುತ್ತ ಕೂತಿದ್ದೆ, ಕುರ್‌ಆನಿನ ಗಂಟು ಬಿಚ್ಚಲೇ ಇಲ್ಲ ಎಂದು ಫೋಸ್ ದೂರಿನಲ್ಲಿ ಹೇಳಿದ್ದರು. ಅದು ನಿಜವೂ ಇರಬಹುದು, ಸುಳ್ಳೂ ಇರಬಹುದು. ಇಬ್ಬರೂ ಇಷ್ಟರಲ್ಲಿ ಮಂಗಳೂರು ಮುಟ್ಟಿರಬೇಕು.

ಅವರನ್ನು ಬಸ್ಸು ಹತ್ತಿಸಿದ್ದು ಬೆಳ್ಯಪ್ಪನೇ. ಊರಿನ ಹೆಸರು ಕೆಟ್ಟಿತಲ್ಲ ಎಂದು ದೊರೆಯ ಕ್ಷಮೆ ಕೇಳಿ ಸೆಲ್ಯೂಟ್ ಹೊಡೆದಿದ್ದ. ಸಾಮಾನು ಏರಿಸಲು ಕಾನ್‌ಸ್ಟೇಬಲ್ ಜತ್ತಪ್ಪನನ್ನು ಕೊಟ್ಟಿದ್ದ. ಶುಕ್ರವಾರ ಪೋಕರನ ಮನೆಯಲ್ಲಿ ಅಕ್ಕಿಯ ಮಡಕೆಯನ್ನೂ ಬೋರಲು ಹಾಕಿ ನೋಡಿದ ಬೆಳ್ಯಪ್ಪ ಬಸ್‌ಸ್ಟ್ಯಾಂಡಿನಲ್ಲಿ ಒಂದು ಪೆಟ್ಟಿಗೆಯ ಮುಚ್ಚಳವನ್ನೂ ತೆರೆಸಿರಲಿಲ್ಲ. ಬಂದರಿನಲ್ಲಿ ತೊಂದರೆ ಆಗದಿರಲಿ ಎಂದು, ಈ ಸಾಮಾನುಗಳ ತಪಾಸಣೆ ಆಗಿದೆ, ಯಾರೂ ತಡೆಯಬಾರದು ಎಂಬ ಚೀಟಿಯನ್ನು ಬರೆದು ಮಾಸ್ತರರ ಕೈಗೆ ಕೊಟ್ಟಿದ್ದ.

ಠಾಣೆಯಲ್ಲಿ ಅವನೇ ಬೀಗ ತೆಗೆದ. ಪೋಕರ್ ಗೋಡೆಗೆ ಒರಗಿ ಕೂತಿದ್ದ. ಎಡಗೆನ್ನೆ ಊದಿತ್ತು.

"ಪೋಕರ್, ಬೀಫಾತುಮ್ಮ ಎಲ್ಲ ಹೇಳಿದ್ರು. ನಿನ್ನ ಆಣೆ ತೀರಿತು. ತಪ್ಪು ನನ್ನದು. ಮಸೀದಿಯ ಮೆಟ್ಟಿಲಲ್ಲಿ ಜನರ ಎದುರೂ ಹೇಳ್ತೇನೆ."

ಪೋಕರ್ ಎದ್ದ. ಬರಿಯ ತಲೆಗೆ ಕೈ ಹೋಯಿತು, ಹಾಗೇ ಇಳಿಯಿತು.

"ಹೀಗೇ ಪೇಟೆಯಲ್ಲಿ ನಡ್ಕೊಂಡು ಹೋಗುದಾ ಸಾರ್?"

ಜತ್ತಪ್ಪ ಒಳಗಿನ ಗೂಟದಿಂದ ಟೊಪ್ಪಿ ತಂದು ಕೊಟ್ಟ. ತೊಳೆದು ಒಣಗಿಸಿದ್ದ. ಅಧಿಕಾರಿಯ ಕಡೆ ನೋಡದೆ ಹೊರಗೆ ಹೋದ.

"ಗುರುವಾರ ನೀನು ಗೇಟಿನ ಹತ್ರ ನಿಂತಿದ್ದಾಗ ಬಂಗಲೆಯಲ್ಲಿ ಬೇರೆ ಯಾರನ್ನಾದರೂ ಕಂಡೆಯಾ?" ಎಂದು ಬೆಳ್ಯಪ್ಪ ಕೇಳಿದ.

"ಮಾಸ್ತರ್ರನ್ನು ಕಂಡೆ. ಬೇಲಿಯ ಸಂದಿಯಲ್ಲಿ ಹಿಂದಿನ ಜಗಲಿ ಕಾಣ್ತದೆ. ತಮ್ಮ ಬೆತ್ತದ ಪೆಟ್ಟಿಗೆಗೆ ಹಳೆ ಹಾಳೆಯ ಕಟ್ಟು ತುಂಬಿಸ್ತಾ ಇದ್ರು. ಅಂಚು ಕೆಂಪಿತ್ತು. ದೊರೆ ಇಡ್ಲಿಕ್ಕೆ ಹೇಳಿರ್ಬೇಕು ಅಂತ ನಾನು ಎಣಿಸಿದೆ."

"ಇದನ್ನು ನಿನ್ನೆಯೇ ಯಾಕೆ ಹೇಳ್ಲಿಲ್ಲ ಮಾರಾಯ?"

ಪೋಕರ್ ಟೊಪ್ಪಿ ಹಾಕಿಕೊಂಡ. ಎರಡೂ ಕೈಯಿಂದ ಸರಿಮಾಡಿದ.

"ನೀವು ಕದ್ದದ್ದನ್ನು ಎಲ್ಲಿಟ್ಟೆ ಅಂತ ಕೇಳಿದಿರಿ. ಎಂತ ಕಂಡೆ ಅಂತ ಕೇಳ್ಲಿಲ್ಲ. ಕೇಳಿದ್ರೆ ಅದನ್ನು ಹೇಳ್ಲಿಕ್ಕೆ ನನಗೆ ಆಣೆ ಇರ್ಲಿಲ್ಲ."

ಬೆಳ್ಯಪ್ಪ ಬಸ್‌ಸ್ಟ್ಯಾಂಡಿಗೆ ಓಡಿದ. ಬೆಳಗ್ಗಿನ ಬಸ್ಸು ಮಂಗಳೂರಿಗೆ ಹೋಗಿ ಆಗಷ್ಟೆ ತಿರುಗಿ ಬಂದಿತ್ತು. ಕಂಡಕ್ಟರ್ ಹೋಟೆಲಿನ ಎದುರು ಕೈ ತೊಳೆಯುತ್ತಿದ್ದ.

"ದೊರೆಗಳು ಮಂಗಳೂರಿಗೆ ಮುಟ್ಟಿದರು ಸಾರ್. ಇಳಿದ ಮೇಲೆ ಮಾಸ್ತರ್ರನ್ನು ಹುಡುಕ್ತಾ ಇದ್ರು, ಪಾಪ."

"ಮಾಸ್ತರ್?"

"ಅವರು ಅರ್ಧ ದಾರಿಯಲ್ಲಿ, ಮಾಣಿಯಲ್ಲೇ ಇಳಿದ್ರು. ದೊರೆಗೆ ನಿದ್ದೆ ಬಂದಿತ್ತು. ಬೆತ್ತದ ಪೆಟ್ಟಿಗೆ ಒಂದನ್ನೇ ಇಳಿಸಿ ಅಂದ್ರು. ದೊರೆಯ ಸಾಮಾನಿನ ಜೊತೆ ಇದ್ದದ್ದು, ಕೇಳದೆ ಹೇಗೆ ಇಳಿಸುದು ಅಂತ ನಾನು ಇಳಿಸ್ಲಿಲ್ಲ ಸಾರ್."

"ಮತ್ತೆ?"

ಕಂಡಕ್ಟರ್ ಒದ್ದೆ ಕೈಯನ್ನು ಖಾಕಿ ಅಂಗಿಗೆ ಒರೆಸಿಕೊಂಡು ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದ.

"ಇದನ್ನು ತೋರಿಸಿ ನನ್ನ ಕೈಗೇ ಕೊಟ್ರು. ಮತ್ತೆ ನಾನು ಮಾತಾಡ್ಲಿಲ್ಲ."

ಪೆಟ್ಟಿಗೆ ಮಾಣಿಯಲ್ಲಿ ಇಳಿದಿತ್ತು. ಅಲ್ಲಿಂದ ಕಂಡಕ್ಟರನ ಕಣ್ಣೆದುರೇ, ಮಂಗಳೂರಿಗೆ ಬೆನ್ನು ಹಾಕಿ ನೆಲ್ಯಾಡಿಯ ಕಡೆ ಹೋಗುವ ಒಂದು ಲಾರಿಗೆ ಏರಿತ್ತು. ಚೀಟಿಯ ಕೆಳಗೆ ಬೆಳ್ಯಪ್ಪನ ಸಹಿ ಇತ್ತು.